ಮುತ್ತಿ ಒರೆಸದೆ ಬಿಟ್ಟ ದಾಸವಾಳ

ಸಾವಿರದ ಒಂಬೈನೂರ ಅರವತ್ತೇಳನೇ ಇಸವಿ, ಶಿವರಾತ್ರಿ ಕಳೆದು ಎಂಟು ದಿನ. ಚಳಿ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಎರಡನೇ ಕೋಳಿ ಕೂಗಿದ ಹೊತ್ತು. ಮುತ್ತಿಯ ಕೆಲಸ ಶುರುವಾದದ್ದು ಅವತ್ತು.

ಕಂಪಲಾಪುರದಿಂದ ಪಿರಿಯಾಪಟ್ಟಣಕ್ಕೆ ಹೋಗುವ ರಸ್ತೆ ಬದಿಯಲ್ಲಿ ಗಂಗಾಧರಪ್ಪನವರ ಬಂಗಲೆ. ಅದರ ಮುಂದೆ ಗುಲಾಬಿ ತೋಟ. ಆ ತೋಟದ ಮೊದಲ ಸಾಲಿನಲ್ಲಿ ಮುತ್ತಿ ಕುಕ್ಕರಗಾಲಲ್ಲಿ ಕೂತಿದ್ದಾಳೆ. ಎಡಗಡೆ ಒಂದು ಬಕೆಟ್ಟು. ಅದರಲ್ಲಿ ಹೊಗೆಸೊಪ್ಪಿನ ಕಡ್ಡಿ ಕುದಿಸಿ, ಬಾರ್ ಸೋಪು ತುರಿದು ಕಲಸಿದ ಕಂದು ನೀರು. ಬಲಗಡೆ ಇನ್ನೊಂದು ಬಕೆಟ್ಟು, ಬರೀ ಬಾವಿ ನೀರು. ಕೈಯಲ್ಲಿ ಹಳೇ ಪಂಚೆಯ ಚೂರು. ಒಂದು ಎಲೆ ಹಿಡಿಯುತ್ತಾಳೆ, ಮೇಲೆ ಒರೆಸುತ್ತಾಳೆ, ಮಗುಚಿ ಅಡಿಯಲ್ಲಿ ಒರೆಸುತ್ತಾಳೆ, ತೊಟ್ಟಿನ ಸಂದಿಗೆ ಬಟ್ಟೆಯ ಮೂಲೆ ತಿರುವಿ ಚುಚ್ಚಿ ತೆಗೆಯುತ್ತಾಳೆ. ಆಮೇಲೆ ಪಕ್ಕದ ಎಲೆ. ಹಸುಗೂಸಿನ ಕಿವಿ ತೊಳೆಯುವವರು ಹಾಗೆ ಮಾಡುತ್ತಾರೆ.

"ಏಳ್ರಪ್ಪ ನೆಂಟ್ರೇ, ಬೆಳಗಾಯ್ತು. ಎಷ್ಟ್ ದಿನ ಅಂತ ಕೂತ್ಕಂಡು ಉಣ್ತೀರಿ?" ಅಂತ ಹುಳಗಳಿಗೆ ಹೇಳುತ್ತಾಳೆ.

ನಾನು ಅದೇ ಬಂಗಲೆಯ ಹಿಂದೆ, ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿಗೆ ಸೌದೆ ಹಾಕಿಕೊಂಡು ಇದ್ದವನು. ಓದು ಮೂರನೇ ಕ್ಲಾಸಿಗೆ ನಿಂತಿತು. ಕಂಡದ್ದನ್ನು ಕಂಡ ಹಾಗೆ ಬರೆದಿದ್ದೇನೆ.

ಗುಲಾಬಿ ತೋಟ ಗಂಗಾಧರಪ್ಪನವರ ಹೆಂಡತಿ ವಿಮಲಮ್ಮನವರ ಆಸೆ. ಬೆಂಗಳೂರಿಂದ ಬುಟ್ಟಿಗಟ್ಟಲೆ ಸಸಿ ತರಿಸಿದರು. ಆ ಬುಟ್ಟಿಗಳ ಜೊತೆಗೇ ಹಿಟ್ಟು ತಿಗಣೆಯೂ ಬಂತು. ನೋಡದವರಿಗೆ ಹೇಳುವುದಾದರೆ, ಅದು ಅಕ್ಕಿಕಾಳಿಗಿಂತ ಚಿಕ್ಕ ಹುಳ, ಮೈಮೇಲೆ ರಾಗಿ ಬೀಸಿದ ಕಲ್ಲಿನ ಅಂಚಿನ ಹಾಗೆ ಹಿಟ್ಟು. ಎಲೆಯ ಅಡಿ, ಮೊಗ್ಗಿನ ಕತ್ತು, ಎಲ್ಲಿ ಎಳೆಯದು ಇದೆಯೋ ಅಲ್ಲಿ ಮೂತಿ ಚುಚ್ಚಿ ಕೂತುಬಿಡುತ್ತದೆ. ಹೀರುತ್ತದೆ. ಹೀರಿದ್ದರಲ್ಲಿ ಅರ್ಧ ಅಂಟಾಗಿ ಸುರಿಸುತ್ತದೆ. ಆ ಅಂಟಿಗೆ ಇರುವೆ ಬರುತ್ತದೆ, ಇರುವೆ ಹಿಂದೆ ಎಲೆಗೆ ಮಸಿ ಬರುತ್ತದೆ. ಮೊಗ್ಗು ಬಿರಿಯದೆ ಕಪ್ಪಾಗಿ ಉದುರುತ್ತದೆ. ಮೊದಲ ವರ್ಷ ವಿಮಲಮ್ಮನವರು ದೇವರಿಗೆ ಏರಿಸಲು ಒಂದು ಹೂ ಸಿಕ್ಕದೆ ಅತ್ತದ್ದನ್ನು ನಾನು ನೋಡಿದ್ದೇನೆ.

ಆ ಹೊತ್ತಿಗೆ ಸರಿಯಾಗಿ ಮುತ್ತಿ ಮತ್ತು ಅವಳ ಗಂಡ ಮಾದ ಕೋಟೆ ಸೀಮೆಯ ಕಾಡಿನಿಂದ ಬಂದರು. ಕಪಿಲೆ ಹೊಳೆಗೆ ಕಟ್ಟೆ ಕಟ್ಟುತ್ತಿದ್ದ ಕಾಲ ಅದು. ನೀರು ನಿಲ್ಲುವ ಜಾಗದ ಮರ ಕಡಿಯುತ್ತಾ ಬಂದರಂತೆ. ಇವರ ಹಾಡಿ, ಅಂದರೆ ಕಾಡಿನ ಜನರ ಗುಡಿಸಲುಗಳ ಊರು, ಆ ಜಾಗದಲ್ಲಿತ್ತು. ಮಾದ ಜೇನು ಕೀಳುವವನು. ಜೇನು ಕಟ್ಟುವ ಮರವೇ ಹೋದ ಮೇಲೆ ಅವನ ಕೈಕೆಲಸವೂ ಹೋಯಿತು. ಅವನನ್ನು ನನ್ನ ಜೊತೆ ಬ್ಯಾರನ್ನಿಗೆ ಹಾಕಿದರು. ಮುತ್ತಿಯನ್ನು ಗುಲಾಬಿಗೆ ಹಾಕಿದರು. ಇಬ್ಬರಿಗೂ ಕಾಂಪೌಂಡಿನ ಮೂಲೆಯ ಸೋಗೆ ಗುಡಿಸಲು. ಗಂಗಾಧರಪ್ಪನವರು ಅವತ್ತೇ ಬಾಯಿಬಿಟ್ಟು ಹೇಳಿದ್ದರು: "ಹೂ ಇರೋವರೆಗೂ ಗುಡಿಸಲು ನಿಂದು ಕಣಮ್ಮ. ಹೂ ಇಲ್ಲ ಅಂದ್ರೆ ಗುಡಿಸಲೂ ಇಲ್ಲ." ತಮಾಷೆಗೆ ಹೇಳಿದ ಹಾಗಿತ್ತು. ಅವರು ತಮಾಷೆ ಮಾಡುವವರಲ್ಲ.

ಗುಲಾಬಿ ನೂರ ನಲವತ್ತೆರಡು ಗಿಡ, ದಾಸವಾಳ ಮೂವತ್ತೊಂದು. ದಿನಕ್ಕೆ ಇಪ್ಪತ್ತೊಂದೋ ಇಪ್ಪತ್ತೆರಡೋ ಗಿಡ ಒರೆಸುತ್ತಾಳೆ. ಎಂಟು ದಿನಕ್ಕೆ ಒಂದು ಸುತ್ತು. ಒಂಬತ್ತನೇ ದಿನ ಮೊದಲಿನ ಗಿಡಕ್ಕೆ ಬಂದರೆ ಅಲ್ಲಿ ಹೊಸ ಮರಿ ಹರಿದಾಡುತ್ತಿರುತ್ತದೆ. ಮತ್ತೆ ಶುರು. ಯಾಕೆ ಬೆಳಗಿನ ಜಾವಕ್ಕೇ ಏಳಬೇಕು ಅಂತ ಕೇಳಿದ್ದೆ. "ಬಿಸ್ಲು ಬಿದ್ರೆ ಸೊಪ್ಪಿನ್ ನೀರು ಎಲೆ ಸುಡ್ತದೆ ಕಣಣ್ಣ. ಬಿಸ್ಲಿಗ್ ಮುಂಚೆ ಒರ್ಸಿ, ಬಿಸ್ಲಿಗ್ ಮುಂಚೆ ತೊಳ್ದುಬುಡಬೇಕು," ಅಂದಳು.

ಸೊಪ್ಪು ಪೋಣಿಸಲು ಬರುವ ಹೆಂಗಸರಿಗೆ ಇವಳು ಒಂದು ಆಟ. ಹಾದು ಹೋಗುವಾಗ ಯಾರಾದರೂ ಕೇಳುತ್ತಿದ್ದರು: "ಏನ್ ಮುತ್ತಿ, ಗಿಡುಕ್ ಹೇನ್ ತಗ್ದಾಯ್ತಾ? ಜಡೆ ಯಾವಾಗ ಹಾಕ್ತೀಯೆ?"

"ನಿನ್ ತಲೇಲಿರವು ಮುಗೀಲಿ ಬುಡವ್ವ, ಆಮೇಕ್ ಗಿಡುದ್ದು ನೋಡಾನ," ಅನ್ನುತ್ತಿದ್ದಳು ಮುತ್ತಿ. ತಲೆ ಎತ್ತುತ್ತಿರಲಿಲ್ಲ.

ಬೇಸಿಗೆ ಬರುವ ಹೊತ್ತಿಗೆ ಗುಲಾಬಿ ಹಸಿರಾಯಿತು. ಆದರೆ ಬಾವಿ ಪಕ್ಕದ ಮೂಲೆಯ ಒಂದು ದಾಸವಾಳ ಮಾತ್ರ ಸುಣ್ಣ ಎರಚಿದ ಹಾಗೆ ಬೆಳ್ಳಗೆ, ಕೊಳಕಾಗಿ ನಿಂತಿತ್ತು. ಮುತ್ತಿ ಅದನ್ನು ಮುಟ್ಟುತ್ತಲೇ ಇರಲಿಲ್ಲ. ಗಂಗಾಧರಪ್ಪನವರು ಒಂದು ದಿನ ಕಂಡರು. "ಏನಮ್ಮ ಇದು, ಕಡಿದು ಬಿಸಾಕು," ಅಂದರು.

ಮುತ್ತಿ ಕೈ ಜೋಡಿಸಿದಳು. "ಬ್ಯಾಡಿ ಬುದ್ಧಿ. ಅದ್ರಲ್ಲಿ ನಮ್ಮ ಹಿರೀಕರು ಕೂತವ್ರೆ. ಮುಟ್ಟಂಗಿಲ್ಲ."

ಗಂಗಾಧರಪ್ಪನವರು ಸತ್ತವರ ವಿಷಯಕ್ಕೆ ಹೆದರುವ ಜನ. ಎರಡು ಹೆಜ್ಜೆ ಹಿಂದಕ್ಕೆ ಬಂದರು. ಅವತ್ತಿಂದ ಆ ಗಿಡದ ಹತ್ತಿರ ಯಾರೂ ಹೋಗಲಿಲ್ಲ.

ಸಂಜೆ ನಾನು ಕೇಳಿದೆ, ನಿಮ್ಮ ಹಿರಿಯರು ಕೋಟೆ ಕಾಡು ಬಿಟ್ಟು ಇಲ್ಲಿಗೆ ಯಾವಾಗ ಬಂದರು ಅಂತ. ನಕ್ಕಳು. ನನ್ನನ್ನು ಗಿಡದ ಹತ್ತಿರ ಕರೆದುಕೊಂಡು ಹೋಗಿ ಒಂದು ಎಲೆ ಮಗುಚಿದಳು. ತಿಗಣೆಗಳ ನಡುವೆ ಅವಕ್ಕಿಂತ ಎರಡರಷ್ಟು ದೊಡ್ಡ ಬಿಳಿ ಹುಳ, ಮೈ ತುಂಬಾ ಜೂಲು. ತಿಗಣೆಗಳ ತಾಯಿ ಇರಬೇಕು ಅಂದುಕೊಂಡೆ. ಯಾರೇ ನೋಡಿದರೂ ಹಾಗೇ ಅಂದುಕೊಳ್ಳುತ್ತಾರೆ.

"ಗರಿಕೇಲಿ ಮುಟ್ಟು," ಅಂದಳು. ಮುಟ್ಟಿದೆ. ತಿಗಣೆ ಕೂತಲ್ಲೇ ಕೂತಿತ್ತು. ಜೂಲು ಹುಳ ಓಡಿತು.

"ಕೂರೋದು ಹೀರ್ತದೆ. ಓಡೋದು ಹೀರೋದ ತಿಂತದೆ. ಇದು ಬೆಳೆದು ಕರೀ ಹುಳ ಆಯ್ತದೆ, ಕತ್ತು ಕೆಂಪುಗೆ. ಸೊಪ್ಪಿನ್ ನೀರು ಬಿದ್ರೆ ಇದೂ ಸಾಯ್ತದೆ. ಅದುಕ್ಕೇ ಒಂದು ಗಿಡ ಬುಟ್ಟಿವ್ನಿ. ಜೇನು ಕೀಳಕ್ಕೋದ್ರೆ ನಮ್ ಮಾದ ಹುಟ್ಟು ಪೂರ್ತಿ ಕುಯ್ತಾನಾ? ಮರಿ ಇರೋ ತುಂಡು ಬುಟ್ಟು ಬತ್ತಾನೆ. ಇದೂ ಅಂಗೇ. ಹುಳದ್ ಪಾಲು ಹುಳುಕ್ಕೆ."

ಗುಲಾಬಿ ಒರೆಸಿ ಎರಡು ದಿನ ಆದ ಮೇಲೆ, ಹೊಗೆಸೊಪ್ಪಿನ ವಾಸನೆ ಹೋದ ಮೇಲೆ, ಈ ಗಿಡದಿಂದ ಜೂಲು ಹುಳಗಳನ್ನು ಮುತ್ತುಗದ ಎಲೆಯಲ್ಲಿ ಹೊತ್ತು ಅಲ್ಲಿ ಬಿಟ್ಟು ಬರುತ್ತಿದ್ದಳು. ಒರೆಸಿ ಉಳಿದದ್ದನ್ನು ಅವು ಹುಡುಕಿ ತಿನ್ನುತ್ತಿದ್ದವು. ನೂರ ಎಪ್ಪತ್ತೆರಡು ಗಿಡ ಹಸಿರಾಗಿ ನಿಂತದ್ದು ಆ ಒಂದು ಕೊಳಕು ಗಿಡದಿಂದ.

"ಇದನ್ನೇ ಯಜಮಾನರಿಗೆ ಹೇಳಬಾರದಾ?" ಅಂದೆ.

"ಹುಳ ಸಾಕ್ತಿವ್ನಿ ಅಂದ್ರೆ ಓಡುಸ್ತಾರೆ. ಹಿರೀಕರು ಅಂದ್ರೆ ಕೈ ಮುಗೀತಾರೆ. ಸುಮ್ನಿರಣ್ಣ."

ನಾನು ಸುಮ್ಮನಿದ್ದೆ. ಆರು ವರ್ಷ ಸುಮ್ಮನಿದ್ದೆ. ಮಾದನೂ ಸುಮ್ಮನಿದ್ದ.

ಆ ಆರು ವರ್ಷ ಬಂಗಲೆಯ ಗುಲಾಬಿ ನೋಡಲು ಪಿರಿಯಾಪಟ್ಟಣದಿಂದ ಜನ ಬರುತ್ತಿದ್ದರು. ಸೊಪ್ಪು ಕೊಳ್ಳುವ ಸಾಹೇಬರುಗಳು ಬಂದರೆ ಗಂಗಾಧರಪ್ಪನವರು ಮೊದಲು ತೋಟ ತೋರಿಸಿ ಆಮೇಲೆ ಸೊಪ್ಪು ತೋರಿಸುತ್ತಿದ್ದರು. ಯಾರು ಬೆಳೆಸಿದ್ದು ಅಂತ ಕೇಳಿದವರಿಗೆ "ನಮ್ಮ ಮನೆಯವರ ಕೈಗುಣ" ಅನ್ನುತ್ತಿದ್ದರು. ವಿಮಲಮ್ಮನವರು ಮಾತ್ರ "ನಮ್ಮ ಮುತ್ತಿ ಕಣ್ರೀ" ಅನ್ನುತ್ತಿದ್ದರು. ಒಳ್ಳೆಯ ಹೆಂಗಸು. ಹಬ್ಬಕ್ಕೆ ಮುತ್ತಿಗೆ ಸೀರೆ ಕೊಟ್ಟರೆ ಉಟ್ಟುಕೊಂಡು ಬಂದು ತೋರಿಸುವ ತನಕ ಬಿಡುತ್ತಿರಲಿಲ್ಲ.

ಮುತ್ತಿಯ ಕೈ ಮಾತ್ರ ಯಾರೂ ನೋಡಲಿಲ್ಲ. ಉಗುರು ಹಳದಿಯಾಗಿ ಕಪ್ಪಾಯಿತು. ಅಂಗೈ ಬಿರಿಯಿತು. ಹೊಗೆಸೊಪ್ಪಿನ ನೀರು ಬಾಯಿಂದಲೇ ಒಳಗೆ ಹೋಗಬೇಕು ಅಂತಿಲ್ಲ, ಚರ್ಮದಿಂದಲೂ ಹೋಗುತ್ತದೆ. ಒರೆಸಿ ಎದ್ದ ಬೆಳಗು ತಲೆ ತಿರುಗುತ್ತಿತ್ತು, ಓಕರಿಕೆ ಬರುತ್ತಿತ್ತು. ಸೀಗೆಪುಡಿಯಲ್ಲಿ ಮೂರು ಸಲ ತೊಳೆದರೂ ಮುದ್ದೆ ಕಹಿ. ಕೊನೆ ಕೊನೆಗೆ ಮಾದ ಮುದ್ದೆ ಮುರಿದು ಬಾಯಿಗಿಡುತ್ತಿದ್ದ. "ನೋಡಣ್ಣ, ಈ ವಯಸ್ನಾಗೆ ಗಂಡ ತುತ್ತು ಕೊಡ್ತಾನೆ. ಯಾವ ಸೌಕಾರ್ತಿಗುಂಟು?" ಅಂತ ನಗುತ್ತಿದ್ದಳು. ಮಾದ ನಗುತ್ತಿರಲಿಲ್ಲ.

ಎಪ್ಪತ್ತಮೂರನೇ ಇಸವಿಯ ಶ್ರಾವಣದಲ್ಲಿ ಮಳೆ ಹಿಡಿದುಕೊಂಡಿತು. ಕೂಡಿಟ್ಟಿದ್ದ ಹೊಗೆಸೊಪ್ಪಿನ ಕಡ್ಡಿ ನೆನೆದು ಕೊಳೆತುಹೋಯಿತು. ಮುತ್ತಿ ಬ್ಯಾರನ್ನಿನ ನೆಲದಲ್ಲಿ ಉದುರಿದ ಎಲೆಚೂರು ಗುಡಿಸಿ ತಂದು ಕುದಿಸಿದಳು. ಕಡ್ಡಿಗಿಂತ ಎಲೆ ಬಹಳ ಕಟು. ಅದು ಅವಳಿಗೂ ಗೊತ್ತಿತ್ತು. ಮಳೆಗಾಲದಲ್ಲಿ ಒಂದು ಸುತ್ತು ತಪ್ಪಿದರೆ ತಿಗಣೆಯದೇ ಮೇಲುಗೈ ಆಗುತ್ತದೆ ಅಂತಲೂ ಗೊತ್ತಿತ್ತು. ಮೂರನೇ ದಿನ ಬೆಳಿಗ್ಗೆ ಗುಲಾಬಿ ಸಾಲಿನಲ್ಲೇ ಬಿದ್ದಳು. ಬಾಯಲ್ಲಿ ಜೊಲ್ಲು, ಮೈಯೆಲ್ಲಾ ಬೆವರು, ಕೈಕಾಲು ನಡುಕ. ಗಾಡಿಯಲ್ಲಿ ಹಾಕಿಕೊಂಡು ಹೋದೆವು. ಡಾಕ್ಟರು ಅವಳ ಅಂಗೈ ಮೂಸಿ ನೋಡಿ, "ಇನ್ನೊಂದು ಸಲ ಈ ನೀರಿಗೆ ಕೈ ಇಟ್ಟರೆ ನನ್ನ ಹತ್ತಿರ ತರಬೇಡಿ, ಸುಡುಗಾಡಿಗೇ ತಗೊಂಡು ಹೋಗಿ," ಅಂದರು.

ಹನ್ನೊಂದು ದಿನ ಗುಡಿಸಲಲ್ಲಿ ಮಲಗಿದಳು. ತೋಟ ಅಷ್ಟೇನೂ ಕೆಡಲಿಲ್ಲ. ಮೊದಲೇ ಬಿಟ್ಟಿದ್ದ ಜೂಲು ಹುಳ ಸಾಲುಗಳಲ್ಲಿ ಇದ್ದವಲ್ಲ, ಅವು ಕಾದುಕೊಂಡವು. ಆ ಹನ್ನೊಂದು ದಿನದಲ್ಲಿ ಆರನೆಯದು ಶುಕ್ರವಾರ. ನಾನು ಸೌದೆ ಗಾಡಿಯ ಜೊತೆ ಹುಣಸೂರು ಕಡೆ ಹೋಗಿದ್ದೆ. ಮಾದ ಗುಡಿಸಲು ಬಿಟ್ಟು ಕದಲುತ್ತಿರಲಿಲ್ಲ.

ವಿಮಲಮ್ಮನವರಿಗೆ ಒಂದು ಯೋಚನೆ ಹತ್ತಿತು. ಮುತ್ತಿ ಇಷ್ಟು ವರ್ಷ ನಮ್ಮ ಗಿಡಗಳನ್ನೆಲ್ಲ ತೊಳೆದಳು, ತನ್ನ ಹಿರಿಯರ ಗಿಡವನ್ನು ಮಾತ್ರ ಕೊಳಕಾಗಿ ಬಿಟ್ಟಳು, ಅವರು ಮುನಿಸಿಕೊಂಡಿದ್ದಾರೆ, ಅದಕ್ಕೇ ಹೀಗೆ ಬಿದ್ದಳು ಅಂತ. ತಲೆಗೆ ಸ್ನಾನ ಮಾಡಿ ಒದ್ದೆ ಬಟ್ಟೆಯಲ್ಲೇ ಮೂಲೆಯ ದಾಸವಾಳದ ಮುಂದೆ ಕೂತರು. ಮುತ್ತಿಯ ಬಕೆಟ್ಟಿನಲ್ಲಿ ಉಳಿದಿದ್ದ ಕಟು ನೀರಿಗೇ ಕೈ ಹಾಕಿದರು. ಒಂದೊಂದು ಎಲೆ ಒರೆಸಿದರು. ಜೂಲು ಹುಳಗಳನ್ನು ಕಡ್ಡಿಯಲ್ಲಿ ಆರಿಸಿ ಸೀಮೆಎಣ್ಣೆ ಬಟ್ಟಲಿಗೆ ಹಾಕಿದರು. ಗಿಡದ ಬುಡಕ್ಕೆ ಅರಿಶಿನ ಕುಂಕುಮ ಇಟ್ಟು, ಕಾಯಿ ಒಡೆದು, ದೀಪ ಹಚ್ಚಿದರು. ಮಧ್ಯಾಹ್ನದ ತನಕ ಮಾಡಿದರಂತೆ. ಮಡಿಯಲ್ಲಿದ್ದರೆಂದು ಯಾರೂ ಹತ್ತಿರ ಹೋಗಲಿಲ್ಲ.

ಅವತ್ತು ಸಾಯಂಕಾಲ ಮುತ್ತಿ ಮೊದಲ ಸಲ ಎದ್ದು ಕೂತಿದ್ದಳು. ನಾನು ಅಷ್ಟರಲ್ಲಿ ಬಂದಿದ್ದೆ. ವಿಮಲಮ್ಮನವರು ಗಂಜಿ ಹಿಡಿದುಕೊಂಡು ಗುಡಿಸಲಿನ ಬಾಗಿಲಿಗೆ ಬಂದರು. ಅವರ ಎರಡೂ ಕೈ ಕೆಂಪಗೆ ಊದಿಕೊಂಡಿತ್ತು.

"ನೋಡಿದೆಯಾ ಮುತ್ತಿ, ಎದ್ದು ಕೂತೆ. ನಿಮ್ಮ ಹಿರಿಯರನ್ನ ನಾನೇ ತೊಳೆದೆ ಕಣೇ. ದೊಡ್ಡ ದೊಡ್ಡ ತಾಯಿ ಹುಳ ಇದ್ವು. ಇನ್ನೂರು ಮುನ್ನೂರು ಇದ್ವೇನೋ. ಒಂದೂ ಬಿಡಲಿಲ್ಲ."

ಮುತ್ತಿ ಅವರ ಕೈ ನೋಡಿದಳು. ಆಮೇಲೆ ಮಾದನ ಕಡೆ ತಿರುಗಿ, "ಅಮ್ಮಾವ್ರ ಕೈಗೆ ಮಜ್ಜಿಗೆ ಸವರು," ಅಂದಳು.

ಅವರು ಹೋದ ಮೇಲೆ ನಾನು, "ಈಗಲಾದರೂ ಹೇಳು ಮುತ್ತಿ," ಅಂದೆ.

"ಏನಂತ ಹೇಳಾದಣ್ಣ? ನಾ ಸುಳ್ ಹೇಳ್ದೆ ಅಂತ್ಲಾ? ನಿಮ್ ಪೂಜೆಯಿಂದ್ಲೇ ತೋಟ ಹಾಳಾಯ್ತು ಅಂತ್ಲಾ? ನಂಗೋಸ್ಕರ ಕೈ ಸುಟ್ಕಂಡವ್ರೆ." ಗಂಜಿ ಪಕ್ಕಕ್ಕಿಟ್ಟು, "ಸುಳ್ ಹೇಳ್ದೋಳು ನಾನು. ಅವ್ರು ನಂಬುದ್ರು, ಅಷ್ಟೇಯ," ಅಂದಳು.

ಗುಲಾಬಿ ಮೇಲಿದ್ದ ಜೂಲು ಹುಳ ಬೆಳೆದು ಹಾರಿಹೋದವು, ಹೊಸದು ತಂದು ಬಿಡಲು ಮೂಲೆಯ ಗಿಡದಲ್ಲಿ ಒಂದೂ ಉಳಿದಿರಲಿಲ್ಲ. ಭಾದ್ರಪದ ಕಳೆಯುವ ಹೊತ್ತಿಗೆ ಗುಲಾಬಿಯ ಐದು ಸಾಲು ಬಿಳಿಯಾಯಿತು. ಮುತ್ತಿಯ ಕೈ ಹೊಗೆಸೊಪ್ಪಿನ ನೀರಿಗೆ ಹೋಗುವ ಹಾಗಿಲ್ಲ. ಹೋಗದಂತೆ ಮಾದ ಬಕೆಟ್ಟುಗಳನ್ನೇ ಬಚ್ಚಿಟ್ಟಿದ್ದ. ಬರೀ ನೀರಲ್ಲಿ ಒರೆಸಿದಳು. ಬೂದಿ ಎರಚಿದಳು. ಇರುವೆ ಹತ್ತದ ಹಾಗೆ ಗಿಡದ ಬುಡಕ್ಕೆ ಹರಳೆಣ್ಣೆ ಬಟ್ಟೆ ಸುತ್ತಿದಳು. ಒಂದು ಗಿಡ ಮುಗಿಸಿ ತಿರುಗುವಷ್ಟರಲ್ಲಿ ಹಿಂದಿನದು ಬೆಳ್ಳಗೆ. ಉಳಿದದ್ದು ಒಂದೇ ದಾರಿ. ಎಲ್ಲಿಂದಾದರೂ ಜೂಲು ಹುಳ ತರಬೇಕು.

ಕಂಪಲಾಪುರದ ಬೇಲಿಗಳನ್ನೆಲ್ಲ ನೋಡಿದಳು, ಸಿಗಲಿಲ್ಲ. ಬಸ್ಸು ಹತ್ತಿ ಗುರುಪುರಕ್ಕೆ ಹೋದಳು. ನಿಲ್ಲಲು ಆಗದ ಮೈ, ಅದಕ್ಕೆ ನಾನೂ ಜೊತೆಗೆ ಹೋಗಿದ್ದೆ. ಊರ ಹೊರಗೆ ಒಂದು ಮನೆಗೆ ಹಳೇ ದಾಸವಾಳದ ಬೇಲಿ. ಮನೆಯಾಕೆ ಕುಳ್ಳಮ್ಮ ಅಂತ, ಕಸ ಗುಡಿಸುತ್ತಿದ್ದವಳು ಪೊರಕೆ ಹಿಡಿದೇ ಬಂದಳು.

"ಏನವ್ವ ಹುಡುಕ್ತಿದ್ದೀಯೆ ನಮ್ ಬೇಲೀಲಿ?"

"ಹುಳ ಕಣವ್ವ."

"ಹುಳ್ವಾ? ಎಷ್ಟ್ ಬೇಕಾದ್ರೂ ತಕ್ಕೋ ತಾಯಿ. ಒಳಗ್ ನನ್ ಮಗ ಮಲ್ಗವ್ನೆ, ಬಿಸ್ಲು ನೆತ್ತಿಗ್ ಬಂದ್ರೂ ಎದ್ದಿಲ್ಲ. ಅವನ್ನೂ ತಕ್ಕೋಗು."

ಮುತ್ತಿ ನಕ್ಕಳು. ಕಾಯಿಲೆ ಆದ ಮೇಲೆ ಅವಳು ನಕ್ಕದ್ದು ಅದೊಂದೇ ಸಲ ನಾನು ಕಂಡದ್ದು. ಮಧ್ಯಾಹ್ನದವರೆಗೆ ಹುಡುಕಿದಳು. ಕಣ್ಣು ಮಂಜಾಗುತ್ತಿತ್ತು, ನನ್ನ ಕೈಗೆ ಗರಿಕೆ ಕೊಟ್ಟು ಮುಟ್ಟಿಸಿದಳು. ಓಡಿದ್ದು ಏಳು. ಏಳೇ ಏಳು. ತಿಗಣೆ ಸಮೇತ ಎಲೆ ಕಿತ್ತು, ಮುತ್ತುಗದ ದೊನ್ನೆಯಲ್ಲಿ ಮುಚ್ಚಿ, ಮಡಿಲಲ್ಲಿ ಇಟ್ಟುಕೊಂಡು ಬಸ್ಸಲ್ಲಿ ಬಂದಳು. ಕುಲುಕಾಟಕ್ಕೆ ಬೀಳದಿರಲೆಂದು ದಾರಿಯುದ್ದಕ್ಕೂ ಎರಡು ಕೈ ಅಡ್ಡ ಹಿಡಿದಿದ್ದಳು. ಮಂಗಳವಾರ ಸಂಜೆ ಮೂಲೆಯ ದಾಸವಾಳಕ್ಕೇ ಅವನ್ನು ಬಿಟ್ಟಳು. "ಏಳು ಸಾಕು. ಯುಗಾದಿ ಹೊತ್ಗೆ ಏಳ್ನೂರಾಯ್ತವೆ," ಅಂದಳು.

ಬುಧವಾರ ಅಣ್ಣಯ್ಯ ಬಂದ. ಸೊಪ್ಪಿನ ಹೊಲಗಳಿಗೆ ಔಷಧಿ ಹೊಡೆಯುವವನು, ಬೆನ್ನಿಗೆ ಪಂಪು. ಸೊಪ್ಪಿನ ಸಾಹೇಬರು ಬರುವ ದಿನ ಹತ್ತಿರವಾಗಿತ್ತು, ಅದಕ್ಕೆ ಗಂಗಾಧರಪ್ಪನವರು ಕರೆಸಿದ್ದರು. ಅಣ್ಣಯ್ಯ ಕೆಟ್ಟವನಲ್ಲ. ಹೇಳಿದ ಕೆಲಸ ಅರೆಬರೆ ಮಾಡುವವನೂ ಅಲ್ಲ. ಒಂದು ಗಿಡ ಬಿಡದೆ ಹೊಡೆದ. ಮೂಲೆಯ ದಾಸವಾಳದ ಮುಂದೆ ಮುತ್ತಿ ನಿಂತಳು.

"ಇದೊಂದ ಬುಟ್ಬುಡಣ್ಣ."

"ಸರಿಯಮ್ಮ ಪಕ್ಕಕ್ಕೆ, ಮೈಮೇಲ್ ಬಿದ್ದಾತು. ಇಡೀ ತೋಟುದ್ ಬೇರು ಇದೇಯ," ಅಂದ ಅಣ್ಣಯ್ಯ.

ಗಂಗಾಧರಪ್ಪನವರು ಜಗಲಿಯಲ್ಲಿ ನಿಂತಿದ್ದರು. ಈ ಸಲ ಹಿರಿಯರಿಗೆ ಅವರು ಹೆದರಲಿಲ್ಲ. ಪೂಜೆ ಆಗಿಹೋಗಿತ್ತಲ್ಲ. "ಹೊಡಿ," ಅಂದರು.

ಹದಿನೈದು ದಿನ ತೋಟ ಚೊಕ್ಕಟವಾಗಿತ್ತು. ಆಮೇಲೆ ಹಿಟ್ಟಿನ ಅಡಿಯಲ್ಲಿ ಉಳಿದ ತಿಗಣೆಯ ಮೊಟ್ಟೆ ಒಡೆದವು. ತಿನ್ನುವವರು ಯಾರೂ ಇರಲಿಲ್ಲ. ದೀಪಾವಳಿಗೆ ಸಾಹೇಬರು ಬಂದಾಗ ಒಂದು ಗುಲಾಬಿ ಇರಲಿಲ್ಲ. ನೂರ ನಲವತ್ತೆರಡು ಗಿಡವೂ ಮಸಿ ಹಿಡಿದು, ಇರುವೆ ಹತ್ತಿ, ಸುಟ್ಟ ಪೊರಕೆಗಳ ಹಾಗೆ ನಿಂತಿದ್ದವು. ಗಂಗಾಧರಪ್ಪನವರು ಕೀಳಿಸಿಬಿಡಿ ಅಂದರು. ಕಿತ್ತದ್ದೆಲ್ಲ ಬ್ಯಾರನ್ನಿನ ಒಲೆಗೆ ಬಂತು. ಹಾಕಿದವನು ನಾನು. ಮುತ್ತಿ ಒರೆಸಿದ್ದಕ್ಕೆ ಎಣಿಕೆಯಿಲ್ಲ. ಉರಿಯಲು ಎರಡು ಗಳಿಗೆಯೂ ಹಿಡಿಯಲಿಲ್ಲ.

ವಿಮಲಮ್ಮನವರು ಒಲೆಯ ಹತ್ತಿರಕ್ಕೆ ಬಂದು ನಿಂತರು. ಮುತ್ತಿಯೂ ಇದ್ದಳು. "ನಿಜ ಹೇಳು ಮುತ್ತಿ. ಹೊರಗಿನೋಳು ನಾನು ಮುಟ್ಟಿದ್ದಕ್ಕೆ ನಿಮ್ಮ ಹಿರಿಯರು ಮುನಿದ್ರಾ? ನನ್ನಿಂದ ಆಯ್ತಾ ಇದು?"

ಮುತ್ತಿ ನನ್ನ ಕಡೆ ನೋಡಲಿಲ್ಲ. "ಇಲ್ಲ ಅಮ್ಮಾವ್ರೆ. ನನ್ ಕೈಲಿ ಶಕ್ತಿ ಸಾಲ್ದೆ ಓಯ್ತು. ಸರಿಯಾಗ್ ಒರುಸ್ನಿಲ್ಲ," ಅಂದಳು.

ಆ ಮಾತು ಗಂಗಾಧರಪ್ಪನವರ ಕಿವಿಗೂ ಬಿತ್ತು. ಅವರು ಬೈಯಲಿಲ್ಲ. ತೋಟವೇ ಇಲ್ಲದ ಮೇಲೆ ತೋಟದವಳಿಗೆ ಗುಡಿಸಲು ಯಾಕೆ ಅಂತ ಅಷ್ಟೇ ಕೇಳಿದರು. ವಿಮಲಮ್ಮನವರು ಬೇಡಿಕೊಂಡರು. ಅದು ನಡೆಯಲಿಲ್ಲ. ಮಾದ ಬ್ಯಾರನ್ನು ಮುಗಿಯುವ ತನಕ, ಅಂದರೆ ಸಂಕ್ರಾಂತಿ ತನಕ, ಇರುವುದಾಗಿ ಮಾತು ಕೊಟ್ಟಿದ್ದ, ಯಜಮಾನರು ಬಿಡಲಿಲ್ಲ. ಅವನ ಮಲಗುವ ಜಾಗ ಬ್ಯಾರನ್ನಿನ ಜಗಲಿಗೆ ಬಂತು. ಮುತ್ತಿಗೆ ಕೊಡಗಿನ ಒಂದು ಕಾಫಿ ತೋಟದಲ್ಲಿ ಹಣ್ಣು ಕೀಳುವ ಕೆಲಸ ಅಂತ ಗೊತ್ತು ಮಾಡಿದರು.

ಹೋಗುವ ದಿನ ನಾನು ಕೇಳಿದೆ, ಇಷ್ಟು ವರ್ಷ ದುಡಿದದ್ದಕ್ಕೆ ಏನು ಸಿಕ್ಕಿತು ಅನ್ನಿಸುತ್ತೆ ಅಂತ. ಕೇಳಬಾರದಿತ್ತೇನೋ. ಗಂಟು ಕಟ್ಟುತ್ತಿದ್ದವಳು ನಿಲ್ಲಿಸಿ ಯೋಚನೆ ಮಾಡಿದಳು.

"ಸಿಕ್ಕಾದೇನು. ಒಂದು ಆಸೆ ಇತ್ತು ಕಣಣ್ಣ. ಅಮ್ಮಾವ್ರುನ್ನ ಒಂದ್ ದಿನ ಪಕ್ಕದಾಗ್ ಕೂರುಸ್ಕಂಡು, ಗರಿಕೇಲಿ ಮುಟ್ಸಿ, ನೋಡಿ ಅಮ್ಮಾವ್ರೆ, ಓಡೋದು ನಮ್ದು ಅಂತ ತೋರುಸ್ಬೇಕು ಅಂತ. ಮೊದುಲ್ನೇ ದಿನ್ವೇ ತೋರುಸ್ಬೋದಾಗಿತ್ತು."

ತೋರಿಸಿದ್ದರೂ ವಿಮಲಮ್ಮನವರು ಕೇಳುತ್ತಿದ್ದರೋ ಇಲ್ಲವೋ, ನನಗೆ ಗೊತ್ತಿಲ್ಲ. ಕೇಳುವ ಹೆಂಗಸೇ ಅವರು. ನಾನಾದರೂ ಹೋಗಿ ಹೇಳಲಾ ಅಂದೆ. ಬೇಡ ಅಂದಳು. "ಪಾಪ, ಅವರಿಗ್ ನಿದ್ದೆ ಹತ್ತಲ್ಲ."

ಕಾರ್ತಿಕ ಕಳೆದ ಮೊದಲ ಮಂಗಳವಾರ, ಬೆಳಿಗ್ಗೆ ಏಳೂವರೆ ಬಸ್ಸು. ಮಾದ ಒಲೆ ಬಿಟ್ಟು ಬರುವ ಹಾಗಿರಲಿಲ್ಲ, ಗೇಟಿನ ತನಕ ಬಂದು ನಿಂತ. ಮುತ್ತಿ ಒಬ್ಬಳೇ ಹೋದಳು.